ಬೇರಿಲ್ಲದ ಕಹಿ

ಆವತ್ತು ಬೆಳಿಗ್ಗೆ ಪೊನಿದಿ ಯಾರ ಕೈಯನ್ನೂ ಹಿಡಿಯದೆ, ಕಂಬಕ್ಕೂ ಆತುಕೊಳ್ಳದೆ, ಚಾಪೆಯಿಂದ ತಾನೇ ಎದ್ದು ನಿಂತ. ಎದ್ದವನು ಬಾವಿಕಟ್ಟೆಗೆ ಹೋಗಿ ನಾಲ್ಕು ಬಿಂದಿಗೆ ನೀರು ಸೇದಿ ತಲೆಗೆ ಸುರಿದುಕೊಂಡು ಬಂದು, "ಇನ್ನೊಂದು ತಟ್ಟೆ ಅನ್ನ ಹಾಕು" ಅಂದ. ಜಾಮು ಎಂಬ ಬೇರಿನ ಕಷಾಯದ ಬಾಟಲಿಗಳ ಬುಟ್ಟಿಯನ್ನು ಬೆನ್ನಿಗೆ ಕಟ್ಟಿಕೊಂಡು ಮಾರಲು ಹೊರಟು ನಿಂತಿದ್ದ ಹೆಂಡತಿ ಗಿಯಾರ್ತಿ, ಕಟ್ಟಿದ ಗಂಟು ಬಿಚ್ಚಿ ಕೆಳಗೆ ಕೂತುಬಿಟ್ಟಳು. ಮೂರು ವರ್ಷದಿಂದ ಈ ಮನುಷ್ಯ ಬೆಳಿಗ್ಗೆ ಏಳಬೇಕಾದರೆ ಮಗನನ್ನೋ ದೇವರನ್ನೋ ಕೂಗದೆ ಎದ್ದವನಲ್ಲ.

"ಏನಾಯ್ತು ಪಾಕ್?"

"ಏನೂ ಆಗ್ಲಿಲ್ಲ ಬು. ಅದೇ ವಿಶೇಷ."

ಆ ಮನೆಯಲ್ಲಿ ಅವನು ಎಲ್ಲರಿಗೂ ಪಾಕ್, ಅವಳು ಎಲ್ಲರಿಗೂ ಬು. ಅಂದರೆ ಅಪ್ಪ, ಅಮ್ಮ. ಮೂವತ್ತೆಂಟು ವರ್ಷ ಸಂಸಾರ ಮಾಡಿದ ಮೇಲೆ ಗಂಡ ಹೆಂಡತಿಯೂ ಒಬ್ಬರನ್ನೊಬ್ಬರು ಹಾಗೇ ಕರೆದುಕೊಳ್ಳುತ್ತಿದ್ದರು.

ಪೊನಿದಿ ಹಕ್ಕಿಪಂಜರ ಮಾಡುವವನು. ಸೋಲೊ ಊರಿನ ಹಕ್ಕಿಸಂತೆಯಲ್ಲಿ ಅವನ ಪಂಜರಕ್ಕೆ ಒಂದು ಹೆಸರಿತ್ತು. ಬಿದಿರಿನ ಕಡ್ಡಿಯನ್ನು ದಾರದಷ್ಟು ಸಣ್ಣಗೆ ಹೆರೆಯಬೇಕು, ಅದಕ್ಕೆ ದಿನಕ್ಕೆ ಎಂಟು ಗಂಟೆ ನೆಲದ ಮೇಲೆ ಚಕ್ಕಲಬಕ್ಕಲ ಹಾಕಿ ಕೂರಬೇಕು. ನಲವತ್ತು ವರ್ಷ ಹಾಗೆ ಕೂತದ್ದಕ್ಕೆ ಎರಡು ಮಂಡಿಗಳೂ ಕೈಕೊಟ್ಟಿದ್ದವು. ಗಿಯಾರ್ತಿ ಅವನಿಗೆ ಹಿಪ್ಪಲಿ, ಕಹಿಶುಂಠಿ ಕುದಿಸಿದ ಜಾಮು ದಿನವೂ ಒಂದು ಲೋಟ ಕೊಡುತ್ತಿದ್ದಳು. ಅರ್ಧ ದಿನ ನೋವು ಹದಕ್ಕೆ ಬರುತ್ತಿತ್ತು, ಆಮೇಲೆ ಮತ್ತೆ ಅದೇ ರಾಗ. ಊರಿಗೆಲ್ಲ ಜಾಮು ಕುಡಿಸುವವಳ ಗಂಡ ಕುಂಟುತ್ತಾನೆ ಅಂತ ಬೀದಿಯವರು ಅವಳ ಮುಖಕ್ಕೇ ತಮಾಷೆ ಮಾಡುತ್ತಿದ್ದರು. ಅವಳೂ ನಗುತ್ತಿದ್ದಳು, ಆದರೆ ಆ ಮಾತು ಚುಚ್ಚುತ್ತಿತ್ತು.

"ನನ್ನ ಕಷಾಯ ಕೊನೆಗೂ ಕೆಲಸ ಮಾಡ್ತು ಅನ್ನು" ಅಂದಳು ಈಗ, ಬೀಗುತ್ತ.

ಸೊಸೆ ಲಾಸ್ತ್ರಿ ಸೋಯಾಕಾಳು ಹುದುಗಿಸಿ ಮಾಡಿದ ಟೆಂಪೆ ಹೋಳುಗಳನ್ನು ಎಣ್ಣೆಗೆ ಬಿಡುತ್ತಿದ್ದವಳು ತಲೆಯೆತ್ತಲಿಲ್ಲ. ಮಗ ಸೆತ್ಯೊ ಮೊಟ್ಟೆ ಸಾಗಿಸುವ ಪಿಕಪ್ ಗಾಡಿಯ ಬೀಗದ ಕೈ ಹುಡುಕುವ ನೆಪದಲ್ಲಿ ಹೊರಗೆ ಹೋದ. ಮೂವತ್ತೆಂಟು ವರ್ಷ ಮನೆ ನಡೆಸಿದ ಹೆಂಗಸಿಗೆ ಇಷ್ಟು ಸಾಕು.

"ಲಾಸ್ತ್ರಿ, ಏನು ಕೊಟ್ಟೆ ನಿಮ್ಮ ಮಾವನಿಗೆ?"

"ಐದು ದಿನ ಆಯ್ತು ಬು. ಅಂಗಡೀದು ಪೊಟ್ಟಣ, ಬೆಳಿಗ್ಗೆ ಒಂದು, ಸಂಜೆ ಒಂದು. ನಿಮಗೆ ಬೇಜಾರಾಗುತ್ತೆ ಅಂತ ಪಾಕ್ ಹೇಳಬೇಡ ಅಂದ್ರು."

"ಬೇಜಾರು ಯಾಕಾಗ್ಬೇಕು? ನನ್ನ ಗಂಡ ಎದ್ದು ಓಡಾಡಿದ್ರೆ ನಂಗೇನು ಹೊಟ್ಟೆ ಉರಿಯುತ್ತಾ?" ಅಂದಳು ಗಿಯಾರ್ತಿ. ಹೊಟ್ಟೆ ಉರಿಯುತ್ತಿತ್ತು, ಅದು ಬೇರೆ ಮಾತು.

ಬಸ್ ನಿಲ್ದಾಣದ ಪಕ್ಕದಲ್ಲಿ ಲಾಸ್ತ್ರಿಯದ್ದು ಒಂದು ಜಾಮು ಅಂಗಡಿ. ಅದರಲ್ಲಿ ಬೇರೂ ಇಲ್ಲ, ಒರಳೂ ಇಲ್ಲ. ಪೊಟ್ಟಣ ಹರಿದು ಪುಡಿಯನ್ನು ಬಿಸಿನೀರಿಗೆ ಹಾಕಿ, ಒಂದು ನಾಟಿಮೊಟ್ಟೆಯ ಹಳದಿ, ಒಂದು ಚಮಚ ಜೇನು ಸೇರಿಸಿ ಕಲಕಿ ಕೊಟ್ಟರೆ ಮುಗಿಯಿತು. ಹಮಾಲರು, ಬಸ್ಸಿನವರು, ಗದ್ದೆ ಕೆಲಸದವರು ಸಾಲಾಗಿ ಬೆಂಚಿನ ಮೇಲೆ ಕೂತು ಕುಡಿದು ಎದ್ದು ಹೋಗುತ್ತಿದ್ದರು. ಮೈಕೈ ನೋವಿಗೆ ಅಲ್ಲಿ ಹೆಚ್ಚು ಖರ್ಚಾಗುತ್ತಿದ್ದ ಪೊಟ್ಟಣಕ್ಕೆ ಹೆಸರೇ ಇರಲಿಲ್ಲ. ಮೇಲೆ ಒಬ್ಬ ಮುದುಕ ಎಮ್ಮೆಕರುವನ್ನು ಹೆಗಲ ಮೇಲೆ ಎತ್ತಿಕೊಂಡ ಚಿತ್ರವಿತ್ತು, ಅಷ್ಟೇ. ಎಲ್ಲರೂ ಅದನ್ನು ಅಜ್ಜನ ಪುಡಿ ಅನ್ನುತ್ತಿದ್ದರು.

ಆವತ್ತಿನಿಂದ ಗಿಯಾರ್ತಿಯ ತಲೆಯೊಳಗೆ ಒಂದು ಹುಳ ಹೊಕ್ಕಿತು. ಅವಳು ಓದಿದ್ದು ನಾಲ್ಕನೇ ಕ್ಲಾಸು. ಖಾಲಿ ಪೊಟ್ಟಣದ ಹಿಂಬದಿಯನ್ನು ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಶುಂಠಿ, ಕಚ್ಚೂರ, ಹಿಪ್ಪಲಿ, ಕಾಡು ಅರಿಶಿನ, ಕಹಿಶುಂಠಿ. ಎಲ್ಲ ಅವಳ ಒರಳಿನಲ್ಲಿ ದಿನವೂ ಬೀಳುವ ಬೇರುಗಳೇ. ಹಾಗಾದರೆ ಮೂರು ವರ್ಷ ತನ್ನ ಕೈಯಲ್ಲಿ ಆಗದ್ದು ಐದು ದಿನದಲ್ಲಿ ಈ ಅಜ್ಜನಿಗೆ ಹೇಗೆ ಆಯಿತು? ಪ್ರಮಾಣದಲ್ಲಿ ಗುಟ್ಟಿರಬೇಕು ಅಂದುಕೊಂಡಳು.

ಅಂದುಕೊಂಡು ಸುಮ್ಮನೆ ಕೂರುವ ಹೆಂಗಸಲ್ಲ. ಹಿಪ್ಪಲಿಯನ್ನು ಎರಡರಷ್ಟು ಹಾಕಿ ಕುದಿಸಿ ಮಗನಿಗೆ ಕುಡಿಸಿದಳು. ಸೆತ್ಯೊ ಕಣ್ಣಲ್ಲಿ ನೀರು ಸುರಿಸುತ್ತ ಅಂಗಳದಲ್ಲಿ ಮೂರು ಸುತ್ತು ಹಾಕಿದ.

"ಬು, ನನಗೆ ಮಂಡಿನೋವಿಲ್ಲ."

"ಗೊತ್ತು ಕಣೋ. ಮೈಯಲ್ಲಿ ಏನಾಗುತ್ತೆ ಹೇಳು."

"ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದಾರೆ."

"ಅಷ್ಟೇನಾ? ಇನ್ನೇನೂ ಇಲ್ವಾ?"

"ಅಷ್ಟು ಸಾಲದಾ?"

ಶುಂಠಿ ಜಾಸ್ತಿ ಮಾಡಿ ನೋಡಿದಳು, ಕಚ್ಚೂರವನ್ನು ಒಣಗಿಸಿ ಹುರಿದು ನೋಡಿದಳು. ಎರಡು ವಾರ ಮನೆಯವರೆಲ್ಲ ಅವಳ ಕೈಗೆ ಸಿಗದ ಹಾಗೆ ತಿರುಗುತ್ತಿದ್ದರು. ಯಾವುದೂ ಅಜ್ಜನ ಪುಡಿಯ ಹತ್ತಿರಕ್ಕೆ ಸುಳಿಯಲಿಲ್ಲ, ಅದರ ಕೊನೆಗೆ ನಾಲಿಗೆಗೆ ಹತ್ತುವ ಕಹಿಯೂ ಯಾವುದರಲ್ಲೂ ಸಿಗಲಿಲ್ಲ.

ಇತ್ತ ಪೊನಿದಿಯ ಸಂಭ್ರಮ ಹೇಳತೀರದು. ನಿಂತುಹೋಗಿದ್ದ ಪಂಜರಗಳೆಲ್ಲ ಮುಗಿದವು. ಊಟಕ್ಕೆ ಕೂತರೆ ತಟ್ಟೆ ಮೇಲೆ ತಟ್ಟೆ. ಅನ್ನ, ಹಲಸಿನಕಾಯಿ ಪಲ್ಯ, ಕರಿದ ಮೀನು, ಅದು ಮುಗಿದ ಮೇಲೆ ನಾಲ್ಕು ಚಮಚ ಸಕ್ಕರೆ ಹಾಕಿದ ಚಹಾ. ಎರಡು ತಿಂಗಳಾಗುವಷ್ಟರಲ್ಲಿ ಕೆನ್ನೆ ತುಂಬಿಕೊಂಡು ಮುಖ ದುಂಡಗಾಯಿತು, ಹೊಟ್ಟೆ ಮುಂದೆ ಬಂತು. ಆ ಕಡೆ ದಪ್ಪಗಾದವನನ್ನು ಕಂಡರೆ ಮೊದಲು ಹೆಂಡತಿಗೆ ಶಹಭಾಸ್ ಹೇಳುವುದು ವಾಡಿಕೆ. ಗಂಡಸು ಮೈ ತುಂಬಿಕೊಂಡ ಅಂದರೆ ಅವನ ಮನಸ್ಸು ನೆಮ್ಮದಿಯಾಗಿದೆ, ಮನೆಯಲ್ಲಿ ಜಗಳವಿಲ್ಲ ಅಂತ ಅರ್ಥ.

"ಯು ಗಿಯಾರ್ತಿ, ಗಂಡನ್ನ ಎಷ್ಟು ಚೆನ್ನಾಗಿ ಸಾಕಿದೀರ" ಅಂತ ದಾರಿಯಲ್ಲಿ ಹೆಂಗಸರು ಕೂಗುತ್ತಿದ್ದರು. ಜಾಮು ಮಾರುವವಳನ್ನು ಅಲ್ಲಿ ಎಲ್ಲರೂ 'ಯು', ಅಕ್ಕ, ಅಂತಲೇ ಕರೆಯುವುದು. "ಹುಣ್ಣಿಮೆ ಚಂದ್ರನ ಹಾಗಾಗಿದಾರೆ."

ಗಿಯಾರ್ತಿ ಹೌದೌದು ಅನ್ನುತ್ತಿದ್ದಳು. ತನ್ನ ಬುಟ್ಟಿಯ ಬಾಟಲಿಗಳು ಮಾತ್ರ ಅರ್ಧ ತುಂಬಿದ್ದಂತೆಯೇ ಮನೆಗೆ ವಾಪಸು ಬರುತ್ತಿದ್ದವು. ಬೀದಿಯಲ್ಲಿ ಇನ್ನೂ ಹತ್ತಿಪ್ಪತ್ತು ಚಂದ್ರರು ಹುಟ್ಟಿದ್ದರು, ಎಲ್ಲರೂ ಲಾಸ್ತ್ರಿಯ ಬೆಂಚಿನವರು.

ಒಂದು ಸಂಜೆ ಪೊನಿದಿ ಹಕ್ಕಿಸಂತೆಯಿಂದ ಮಳೆಯಲ್ಲಿ ನೆನೆದು ಬಂದ. "ಮೈಗೆ ಗಾಳಿ ಸೇರಿಕೊಂಡಿದೆ ಬು, ಬೆನ್ನು ಉಜ್ಜು" ಅಂತ ಅಂಗಿ ತೆಗೆದು ಬೋರಲು ಮಲಗಿದ. ಜ್ವರ, ಚಳಿ, ಸುಸ್ತು ಏನೇ ಬಂದರೂ ಅಲ್ಲಿ ಮೊದಲ ಮದ್ದು ಅದೇ. ಬೆನ್ನಿಗೆ ಎಣ್ಣೆ ಸವರಿ, ಹಳೆಯ ತಾಮ್ರದ ನಾಣ್ಯದ ಅಂಚಿನಿಂದ ಬೆನ್ನೆಲುಬಿನ ಎರಡೂ ಕಡೆ ಗೀರುತ್ತ ಬರುವುದು. ಗೀರಿದಲ್ಲಿ ಕೆಂಪು ಪಟ್ಟೆ ಎದ್ದರೆ ಗಾಳಿ ಹೊರಗೆ ಬಂತು ಅಂತ ಲೆಕ್ಕ. ಗಂಡನ ಬೆನ್ನನ್ನು ಗಿಯಾರ್ತಿ ಎಷ್ಟು ಸಲ ಉಜ್ಜಿದ್ದಳೆಂದರೆ, ಎಲ್ಲಿ ಹತ್ತು ಸಲ ಗೀರಿದರೆ ಕೆಂಪಾಗುತ್ತದೆ, ಎಲ್ಲಿ ಹದಿನೈದು ಬೇಕು ಅಂತ ಅವಳ ಕೈಗೇ ಗೊತ್ತಿತ್ತು.

ಈ ಸಲ ಎರಡೇ ಗೀರಿಗೆ ಪಟ್ಟೆ ಎದ್ದಿತು. ಕೆಂಪಲ್ಲ, ನೇರಳೆ. ಮೂರನೆಯದಕ್ಕೆ ನಾಣ್ಯದ ಅಡಿಯಲ್ಲಿ ಚರ್ಮ ನೆನೆದ ಕಾಗದದ ಹಾಗೆ ಸುಕ್ಕಾಗಿ ಸರಿಯಿತು. ಅವಳು ಕೈ ತೆಗೆದಳು.

"ಯಾಕೆ ನಿಲ್ಲಿಸಿದೆ?"

"ನೋಯ್ತಾ ಇಲ್ವಾ?"

"ಇಲ್ಲ. ಉಜ್ಜು."

"ಸಾಕು. ಗಾಳಿ ಬಂತು" ಅಂದುಬಿಟ್ಟಳು. ಮುಖ ಅಷ್ಟು ತುಂಬಿಕೊಂಡವನ ತೋಳು, ಕಾಲು ಕಡ್ಡಿಯಾಗಿರುವುದನ್ನು ಅವಳು ಗಮನಿಸಿದ್ದು ಆಗಲೇ. ದೀಪ ಹತ್ತಿರ ತಂದು ನೋಡಿದಳು. ಹೊಟ್ಟೆಯ ಪಕ್ಕದಲ್ಲಿ ಬಸುರಿಯರಿಗೆ ಬೀಳುವಂಥ ಗೆರೆಗಳು ಬಿದ್ದಿದ್ದವು. ಹತ್ತು ದಿನವಾದರೂ ಬೆನ್ನಿನ ನೇರಳೆ ಹೋಗಲಿಲ್ಲ. ಬೇರು ತಿಂದು ಇಂಥ ಬೆನ್ನು ಆದದ್ದನ್ನು ಅವಳು ಕಂಡಿರಲಿಲ್ಲ, ಅವಳ ತಾಯಿಯೂ ಕಂಡಿರಲಿಕ್ಕಿಲ್ಲ.

ಮುಂದಿನ ಸಂತೆಯ ದಿನ ಅವಳು ಒಂದು ಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೋ ಸಿಯಾಂಗನ ಅಂಗಡಿಗೆ ಹೋದಳು. ಚೀನೀ ಮೂಲದ ಮುದುಕ, ಊರಿಗೆಲ್ಲ 'ಕೋ', ಅಂದರೆ ಅಣ್ಣ, ಮೂರು ತಲೆಮಾರಿನಿಂದ ಬೇರು, ತೊಗಟೆ ಮಾರುವ ಮನೆತನ. ಅವನ ಅಂಗಡಿಯಲ್ಲಿ ಕೂತರೆ ಸೀನು ನಿಲ್ಲುವುದಿಲ್ಲ.

"ಕೋ, ಇದನ್ನ ಬಾಯಿಗೆ ಹಾಕ್ಕೊಂಡು ನನಗೆ ಪಾಠ ಹೇಳಿ."

ಮುದುಕ ಚಿತ್ರ ನೋಡಿ ನಕ್ಕ. "ಓಹೋ, ಅಜ್ಜ. ನಿಮ್ಮನೆಗೂ ಬಂದ್ನಾ?" ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಅವಳೂ ಒಂದು ಚಿಟಿಕೆ ಹಾಕಿಕೊಂಡಳು. ಇಬ್ಬರೂ ಪರೀಕ್ಷೆಗೆ ಕೂತವರ ಹಾಗೆ ಬಾಯಿ ಚಪ್ಪರಿಸುತ್ತ ಕೂತರು.

"ಶುಂಠಿ" ಅಂದ ಅವನು.

"ಹಳೇ ಶುಂಠಿ. ಆಮೇಲೆ ಕಚ್ಚೂರ."

"ಹಿಪ್ಪಲಿ ಹೆಸರಿಗೆ. ಕೊನೆಗೆ ಕಹಿ."

"ಅದೇ ಕೋ, ಆ ಕಹಿ ಯಾರದು? ಅದಕ್ಕೇ ಬಂದೆ. ನೆಲಬೇವಿನ ಕಹಿ ಗಂಟಲಲ್ಲಿ ಕೂತ್ಕೊಳ್ಳುತ್ತೆ. ಅಮೃತಬಳ್ಳೀದು ತಡವಾಗಿ ಬಂದು ತಡವಾಗಿ ಹೋಗುತ್ತೆ. ಇದು ನಾಲಿಗೆ ಮೇಲೆ ಚಪ್ಪಟೆಯಾಗಿ ಬಿದ್ದಿದೆ. ಹಿಂದೆ ಒಂದು ವಾಸನೆ ಇಲ್ಲ, ಮಣ್ಣಿಲ್ಲ."

ಕೋ ಸಿಯಾಂಗ್ ಎದ್ದು ಗಲ್ಲಾಪೆಟ್ಟಿಗೆಯ ಡ್ರಾಯರ್ ಎಳೆದು, ತಾನು ತಲೆನೋವಿಗೆ ಇಟ್ಟುಕೊಂಡಿದ್ದ ಬಿಳಿ ಮಾತ್ರೆಯೊಂದನ್ನು ತೆಗೆದ. ತಕ್ಕಡಿಯ ಬಟ್ಟಿನಿಂದ ಒತ್ತಿ ಪುಡಿ ಮಾಡಿ ಅವಳ ಅಂಗೈಗೆ ಹಾಕಿದ. ಗಿಯಾರ್ತಿ ನೆಕ್ಕಿದಳು. ಮೂರು ತಿಂಗಳಿಂದ ಅವಳು ಹುಡುಕುತ್ತಿದ್ದ ಕಹಿ ಅಲ್ಲಿತ್ತು.

"ಇದಕ್ಕೆ ಬೇರಿಲ್ಲ ಯು. ಇದು ಔಷಧಿ ಅಂಗಡೀಲಿ ಹುಟ್ಟೋದು. ನಾಲಿಗೆಗೆ ಸಿಕ್ಕಿದ್ದು ಇದೊಂದೇ. ಮುಖ ಉಬ್ಬಿಸೋದು ಇನ್ನೊಂದು ಹಾಕಿರ್ತಾರೆ, ಅದು ರುಚಿಗೂ ಸಿಗಲ್ಲ. ನನ್ನ ಭಾವಮೈದ ಹೀಗೇ ದುಂಡಗಾಗಿ ದುಂಡಗಾಗಿ ಹೋದ."

"ಹೋದ ಅಂದ್ರೆ?"

"ಹೋದ ಅಂದ್ರೆ ಹೋದ."

ಗಿಯಾರ್ತಿಗೆ ಮೊದಲು ಆದದ್ದು ಭಯವಲ್ಲ, ಸಂತೋಷ. ನಿಜ ಹೇಳಬೇಕು. ಬಸ್ಸಿನಲ್ಲಿ ಕೂತು ಮನೆಗೆ ಬರುವಾಗ ಅವಳ ಎದೆ ಹಗುರವಾಗಿತ್ತು. ತನ್ನ ಕೈ ಸೋತಿರಲಿಲ್ಲ, ಅಮ್ಮ ಕಲಿಸಿದ ಪ್ರಮಾಣ ತಪ್ಪಿರಲಿಲ್ಲ. ಭಯ ಬಂದದ್ದು ಮನೆಯ ಬಾಗಿಲಲ್ಲಿ, ದುಂಡು ಮುಖ ಹೊತ್ತು ಪಂಜರ ಹೆಣೆಯುತ್ತ ಕೂತ ಗಂಡನನ್ನು ಕಂಡಾಗ.

ಸಂಜೆ ಊಟದ ಹೊತ್ತಿಗೆ ಮಾತು ತೆಗೆದಳು. ಮರಗೆಣಸಿನ ಸೊಪ್ಪು, ಟೆಂಪೆ, ಮೆಣಸಿನಕಾಯಿ ಅರೆದ ಸಾಂಬಲ್ ಬಡಿಸಿಯಾಗಿತ್ತು. ಯಾರೂ ಎರಡು ತುತ್ತಿಗಿಂತ ಹೆಚ್ಚು ತಿನ್ನಲಿಲ್ಲ, ಪೊನಿದಿಯನ್ನು ಬಿಟ್ಟು.

"ಪೊಟ್ಟಣದ ಮೇಲೆ ಸರ್ಕಾರದ ನಂಬರಿದೆ ಬು" ಅಂದಳು ಲಾಸ್ತ್ರಿ. "ನಾನೇನು ಮನೇಲಿ ಕಲಸಿ ತಂದೆನಾ?"

"ನಂಬರು ಯಾರು ಬೇಕಾದ್ರೂ ಅಚ್ಚು ಹಾಕ್ತಾರೆ. ಈ ಪುಡೀನ ಬೈಕಲ್ಲಿ ತಂದು ಕೊಡೋನು ಒಬ್ಬ ಇದಾನಲ್ಲ, ಅವನ ಊರು ಯಾವುದು, ಹೆಸರೇನು, ಹೇಳು ನೋಡೋಣ."

ಲಾಸ್ತ್ರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೇ ಅವಳ ದನಿ ಏರಿತು. "ನೀವು ಮೂರು ವರ್ಷ ಕುಡಿಸಿದ್ರಿ. ಪಾಕ್ ಎದ್ರಾ? ಜನಕ್ಕೆ ನಾಳೆ ಬೆಳಿಗ್ಗೆ ಮೂಟೆ ಹೊರಬೇಕು ಬು. ನಿಮ್ಮ ಬೇರು ಮುಂದಿನ ವರ್ಷ ವಾಸಿ ಮಾಡುತ್ತೆ ಅಂತ ಕಾಯ್ತಾ ಕೂರಕ್ಕಾಗುತ್ತಾ?"

"ಅದಕ್ಕೆ ವಿಷ ಹಾಕ್ತೀಯಾ?"

"ವಿಷ ಅಂತೆ. ವಿಷ ಹಾಕೋಳು ಮಾವನಿಗೆ ಕೈಯಾರೆ ಮೊಟ್ಟೆ ಒಡೆದು ಕಲಸಿ ಕೊಡ್ತಾಳಾ?" ಅವಳ ಕಣ್ಣು ತುಂಬಿತು.

"ನನ್ನ ಕೇಳೋರು ಯಾರಾದ್ರೂ ಇದೀರಾ?" ಅಂದ ಪೊನಿದಿ, ತಟ್ಟೆ ಬಿಡದೆ. "ನನಗೆ ಆ ವಿಷಾನೇ ಬೇಕು. ಎರಡು ವರ್ಷ ಬದುಕಿದ್ರೂ ನಡ್ಕೊಂಡು ಬದುಕ್ತೀನಿ."

"ನಿಮಗೆ ಬೇಕಾದ್ದನ್ನ ನಾನು ಕೊಡಲ್ಲ" ಅಂದಳು ಗಿಯಾರ್ತಿ. "ಮಾತು ಮುಗೀತು."

ಮುಂಜಾನೆ, ಬೇರು ಕುದಿಸಲು ಒಲೆ ಹಚ್ಚಿದವಳು ಸೊಸೆಯ ಮಂಚದ ಕೆಳಗಿದ್ದ ಎರಡು ಡಬ್ಬ ಅಜ್ಜನ ಪುಡಿಯನ್ನು ಎಳೆದು ತಂದು ಪೊಟ್ಟಣಗಳ ಸಮೇತ ಬೆಂಕಿಗೆ ಹಾಕಿದಳು. ಲಾಸ್ತ್ರಿ ಎದ್ದು ಬಂದು ನೋಡಿ ಒಳಗೆ ಹೋದಳು. ಎರಡು ದಿನ ಅತ್ತೆ ಸೊಸೆ ಮಾತು ಬಿಟ್ಟರು. "ಉಪ್ಪು ಎಲ್ಲಿದೆ ಅಂತ ಬು ಕೇಳ್ತಿದಾರೆ", "ಇಟ್ಟ ಕಡೆ ಇದೆ ಅಂತ ಹೇಳಿ" ಅಂತ ಸೆತ್ಯೊ ಮಧ್ಯೆ ನಿಂತು ಟಪಾಲು ಹಂಚುತ್ತಿದ್ದ.

ಆ ಎರಡು ದಿನ ಗಿಯಾರ್ತಿಯ ಕಾಲು ನೆಲದ ಮೇಲೆ ಇರಲಿಲ್ಲ. ಬುಟ್ಟಿ ಹೊತ್ತು ಬೀದಿ ಬೀದಿ ತಿರುಗಿ, ದುಂಡು ಮುಖ ಕಂಡ ಮನೆಯಲ್ಲೆಲ್ಲ ಇಳಿಸಿ ಕೂತು ಕತೆ ಹೇಳಿದಳು. ನಾಲಿಗೆ, ಮಾತ್ರೆ, ಕೋ ಸಿಯಾಂಗ್, ಎಲ್ಲ. "ಇವತ್ತೇ ಬಿಸಾಕಿ. ಒಂದು ಚಿಟಿಕೇನೂ ಇಟ್ಕೋಬೇಡಿ." ಹೆಂಗಸರು ಬಾಯಿಬಿಟ್ಟು ಕೇಳಿದರು. ತಲೆಯಾಡಿಸಿದರು. ಕೆಲವರು ಅವಳ ಬೆನ್ನ ಹಿಂದೆ, ಸೊಸೆ ಮೇಲಿನ ಹೊಟ್ಟೆಕಿಚ್ಚು ಅಂತ ನಕ್ಕರು.

ನಗದೆ ಕೇಳಿದವಳು ಟೆಂಪೆ ಮಾಡುವ ಪಾರಿನಾ. ಒಂಟಿ ಹೆಂಗಸು, ಐವತ್ತು ದಾಟಿದವಳು. ದಿನವೂ ಸೋಯಾಕಾಳು ತುಳಿದು ತುಳಿದು ಸೊಂಟ ಬಿದ್ದುಹೋಗಿತ್ತು, ಒಂದು ವರ್ಷದಿಂದ ಅಜ್ಜನ ಪುಡಿಯಲ್ಲೇ ನಡೆಯುತ್ತಿದ್ದಳು.

"ಒಂದು ವರ್ಷ ಕುಡಿದಿದೀನಲ್ಲ ಯು, ಈಗ ಬಿಟ್ರೆ ಸರಿಹೋಗ್ತೀನಾ?"

"ಬಿಟ್ಟ ದಿನದಿಂದ್ಲೇ ಸರಿಹೋಗ್ತೀಯ. ಮೈ ತೊಳ್ಕೊಳ್ಳೋಕೆ ನನ್ನ ಕಹಿ ಜಾಮು ಕೊಡ್ತೀನಿ, ತಗೋ" ಅಂತ ಗಿಯಾರ್ತಿ ಒಂದು ಲೋಟ ಬಗ್ಗಿಸಿ ಕೊಟ್ಟಳು.

ಮೂರನೆಯ ದಿನ ಪೊನಿದಿ ಹಾಸಿಗೆ ಬಿಟ್ಟು ಏಳಲಿಲ್ಲ. ಮಂಡಿನೋವು ವಾಪಸು ಬಂದಿದ್ದು ಸರಿ, ಬರಲೇಬೇಕಿತ್ತು. ಆದರೆ ಇದು ಮಂಡಿಯಲ್ಲ. ಅನ್ನ ಕಂಡರೆ ವಾಂತಿ, ಕೂರಿಸಿದರೆ ಕಣ್ಣು ಕತ್ತಲೆ, ಮೈಯೆಲ್ಲ ತಣ್ಣಗೆ ಬೆವರು. ಮೈಯೊಳಗಿನ ಕೊಳೆ ಹೊರಗೆ ಬರುತ್ತಿದೆ ಅಂದಳು ಗಿಯಾರ್ತಿ. ಮಧ್ಯಾಹ್ನಕ್ಕೆ ಮಾತು ತೊದಲಿತು. ಗಾಳಿ ಸೇರಿದೆ ಅಂತ ನಾಣ್ಯ ತಂದಳು. ಕೈ ಹಗುರ ಮಾಡಿಯೇ ಗೀರಿದಳು, ಆದರೂ ಮೊದಲ ಗೀರಿಗೇ ಚರ್ಮ ಬಿರಿದು ರಕ್ತ ಬಂತು. ಪೊನಿದಿ ಹಾ ಅನ್ನಲೂ ಇಲ್ಲ.

ಮಾತು ಬಿಟ್ಟಿದ್ದ ಸೊಸೆ ಬಾಗಿಲಲ್ಲಿ ನಿಂತಿದ್ದಳು. "ನಾಣ್ಯ ಕೆಳಗಿಡಿ ಬು" ಅಂದಳು. ಆಮೇಲೆ ಗಂಡನಿಗೆ, "ಇವರೇ, ಗಾಡಿ ತಿರುಗಿಸಿ" ಅಂದಳು.

ಮೊಟ್ಟೆಯ ತಟ್ಟೆಗಳ ನಡುವೆ ಪೊನಿದಿಯನ್ನು ಮಲಗಿಸಿಕೊಂಡು ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋದರು. ಡಾಕ್ಟರ್ ಹಪ್ಸಾರಿ ಚಿಕ್ಕ ವಯಸ್ಸಿನವಳು, ಗಿಯಾರ್ತಿಯ ಅರಿಶಿನ ಹುಣಸೆಯ ಜಾಮು ಕುಡಿಯುವ ಗಿರಾಕಿ. ಮುಖ ನೋಡಿದಳು, ಹೊಟ್ಟೆಯ ಗೆರೆ ನೋಡಿದಳು, ಬೆನ್ನು ನೋಡಿದಳು. ಸೂಜಿ ಕೊಟ್ಟು, ಬಾಟಲಿ ಏರಿಸಿ, ಆಮೇಲೆ ಹೊರಗೆ ಬಂದಳು.

"ಏನು ಕುಡೀತಿದ್ರು?"

"ನಾನು ಕೊಟ್ಟೆ ಡಾಕ್ಟ್ರೇ" ಅಂದಳು ಲಾಸ್ತ್ರಿ. ಪೊಟ್ಟಣ ಯಾವುದು, ದಿನಕ್ಕೆ ಎಷ್ಟು, ಎಷ್ಟು ತಿಂಗಳು, ಒಂದನ್ನೂ ಮುಚ್ಚಿಡದೆ ಹೇಳಿದಳು.

"ಸರಿ. ನಿಲ್ಲಿಸಿದ್ದು ಯಾರು?"

"ನಾನೇ" ಅಂದಳು ಗಿಯಾರ್ತಿ, ತಲೆಯೆತ್ತಿ. "ಗೊತ್ತಾದ ದಿನಾನೇ ಎಲ್ಲಾ ಒಲೆಗೆ ಹಾಕಿದೆ. ಒಂದು ಚಿಟಿಕೇನೂ ಉಳಿಸ್ಲಿಲ್ಲ."

ಡಾಕ್ಟರು ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪಕ್ಕದಲ್ಲಿ ಕೂತು ನಿಧಾನವಾಗಿ ಹೇಳಿದಳು.

"ಆ ಪುಡೀಲಿ ಒಂದು ಔಷಧಿ ಕಲಸಿರ್ತಾರೆ ಯು. ಅಂಥದ್ದೇ ಒಂದನ್ನ ನಮ್ಮ ಮೈ ದಿನಾ ತಾನೇ ಮಾಡ್ಕೊಳ್ಳುತ್ತೆ, ಬದುಕೋಕೆ ಬೇಕಾದಷ್ಟು. ಹೊರಗಿಂದ ತಿಂಗಳುಗಟ್ಟಲೆ ಧಾರಾಳವಾಗಿ ಬಂದ್ರೆ ಮೈ ಆ ಕೆಲಸಾನೇ ಬಿಟ್ಟುಬಿಡುತ್ತೆ. ಆಗ ಒಂದೇ ಸಲಕ್ಕೆ ನಿಲ್ಲಿಸಿದ್ರೆ ಹೊರಗಿಂದೂ ಇಲ್ಲ, ಒಳಗಿಂದೂ ಇಲ್ಲ. ರಕ್ತದೊತ್ತಡ ಬಿದ್ದುಹೋಗುತ್ತೆ. ಇನ್ನು ಅರ್ಧ ದಿನ ತಡ ಮಾಡಿದ್ರೆ ನಾನೇನೂ ಮಾಡೋಕೆ ಆಗ್ತಿರ್ಲಿಲ್ಲ."

"ವಿಷ ನಿಲ್ಲಿಸಿದ್ದು ತಪ್ಪಾ?"

"ನಿಲ್ಲಿಸ್ಬೇಕು. ಮೆಟ್ಟಿಲು ಮೆಟ್ಟಿಲಾಗಿ ಇಳಿಸ್ಬೇಕು. ಈಗ ನಾನು ಕೊಡೋ ಮಾತ್ರೇಲಿ ಇರೋದೂ ಅದೇ ಜಾತಿ ಔಷಧೀನೆ. ಅಳತೆ ಗೊತ್ತಿರೋದು, ಅಷ್ಟೇ ವ್ಯತ್ಯಾಸ. ಮೊದಲ ವಾರ ಪೂರ್ತಿ, ಆಮೇಲೆ ಮುಕ್ಕಾಲು, ಆಮೇಲೆ ಅರ್ಧ. ನಾಲ್ಕೈದು ತಿಂಗಳಾಗಬಹುದು. ದಿನಾ ನೀವೇ ಕೈಯಾರೆ ಕೊಡ್ಬೇಕು. ಒಂದು ದಿನಾನೂ ತಪ್ಪಿಸೋ ಹಾಗಿಲ್ಲ."

ಗಿಯಾರ್ತಿ ಆ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಎಷ್ಟು ಸಣ್ಣದು, ಹೆಸರುಕಾಳಿನಷ್ಟು. ಒಂದು ಮೂಲೆಯನ್ನು ನಾಲಿಗೆಗೆ ತಾಗಿಸಿದಳು, ತಡೆಯಲಾಗಲಿಲ್ಲ ಅವಳಿಗೆ. ಸ್ವಲ್ಪ ಕಹಿ. ಇಷ್ಟು ಸಣ್ಣದು ಐದು ಬೇರುಗಳ ಹಿಂದೆ ಅಡಗಿ ಕೂತರೆ ಯಾವ ನಾಲಿಗೆಗೆ ಸಿಕ್ಕೀತು ಅಂದುಕೊಂಡಳು.

ಮರುದಿನ ಬೆಳಿಗ್ಗೆ ಪೊನಿದಿ ಗಂಜಿ ಕುಡಿದು, "ಮಂಡಿ ನೋಯ್ತಿದೆ" ಅಂತ ಗೊಣಗಿದ. ಆ ಗೊಣಗು ಕೇಳಿ ಗಿಯಾರ್ತಿಗೆ ಅಳು ಬಂತು. ಜೀವ ಉಳಿಯಿತು. ಗೊಣಗುವವನು ಬದುಕುತ್ತಾನೆ. ಸೆರಗಿನಿಂದ ಮುಖ ಒರೆಸಿಕೊಂಡು ಹೊರಗಿನ ಬೆಂಚಿನಲ್ಲಿ ಕೂತವಳಿಗೆ, ಕೂತಲ್ಲೇ ಇನ್ನೊಂದು ವಿಷಯ ಹೊಳೆಯಿತು.

"ಲಾಸ್ತ್ರಿ. ಸ್ಕೂಟರ್ ತಂದಿದೀಯಾ?"

"ಹೂಂ. ಯಾಕೆ ಬು?"

"ನಾನು ಬೀದಿಗೆಲ್ಲ ಹೇಳಿದೀನಿ ಕಣೇ. ಬಿಸಾಕಿ, ಇವತ್ತೇ ಬಿಸಾಕಿ ಅಂತ. ಮೂವತ್ತು ಮನೆಗೆ ಹೇಳಿದೀನಿ."

ಸೊಸೆ ಸ್ಕೂಟರಿನ ಬೀಗದ ಕೈ ತೆಗೆದಳು. ಬೇಕಾದರೆ ಆಗ ಆಡಿಬಿಡಬಹುದಾಗಿದ್ದ ಮಾತುಗಳು ಎಷ್ಟಿದ್ದವೋ. ಆಡಲಿಲ್ಲ. "ಹತ್ತಿ" ಅಂದಳು. "ಯಾರ್ಯಾರು ಕುಡೀತಾರೆ ಅನ್ನೋದು ನನಗೆ ಗೊತ್ತು. ಯಾರ್ಯಾರಿಗೆ ಹೇಳಿದ್ರಿ ಅನ್ನೋದು ನಿಮಗೆ ಗೊತ್ತು."

ಅವಳು ಓಡಿಸಿದಳು, ಇವಳು ಹಿಂದೆ ಕೂತು ದಾರಿ ತೋರಿಸಿದಳು. ಮೊದಲನೆಯ ಮನೆ ಹಮಾಲ ಸುಕಿರನದು.

"ಬಿಸಾಕಿದ್ಯೇನೋ?"

ಸುಕಿರ ತಲೆ ಕೆರೆದುಕೊಂಡ. "ಯು, ಬೈಬೇಡಿ. ಬಿಸಾಕಿದೆ ಅಂತ ಹೆಂಡ್ತಿ ಹತ್ರ ಹೇಳಿದೀನಿ. ಆದ್ರೆ..."

"ಬಿಸಾಕಿಲ್ಲ ತಾನೆ?"

"ಇಲ್ಲ. ಅಕ್ಕಿ ಡಬ್ಬದಲ್ಲಿಟ್ಟಿದೀನಿ. ಇವತ್ತೂ ಕುಡಿದೆ."

"ದೇವರು ದೊಡ್ಡವನು" ಅಂದಳು ಗಿಯಾರ್ತಿ. ಸುಕಿರನಿಗೆ ತಲೆಬುಡ ತಿಳಿಯಲಿಲ್ಲ. "ಜಾಸ್ತಿ ಮಾಡ್ಬೇಡ, ಆದರೆ ಒಂದೇ ಸಲ ಬಿಡಲೂ ಬೇಡ. ಪೊಟ್ಟಣ ಹಿಡ್ಕೊಂಡು ಇವತ್ತೇ ಡಾಕ್ಟ್ರ ಹತ್ರ ಹೋಗು. ಅವರು ಹೇಳಿದ ಹಾಗೆ ಬಿಡು."

ಎರಡನೆಯ ಮನೆಯಲ್ಲಿ ಹೆಂಗಸು ಪುಡಿಯನ್ನು ಕಪಾಟಿನ ಹಿಂದೆ ಬಚ್ಚಿಟ್ಟಿದ್ದಳು. ಮೂರನೆಯವರು ನಗುತ್ತ, "ನಿಮ್ಮ ಅತ್ತೆ ಸೊಸೆ ಜಗಳಕ್ಕೆ ನಾವು ಮದ್ದು ಬಿಡೋದಾ?" ಅಂದರು. ಹನ್ನೆರಡನೆಯದು, ಹದಿನೈದನೆಯದು, ಇಪ್ಪತ್ತನೆಯದು. ತಲೆಯಾಡಿಸಿದವರಲ್ಲಿ ಒಬ್ಬರೂ ಬಿಟ್ಟಿರಲಿಲ್ಲ. ಊರಿನವರು ತನ್ನ ಮಾತನ್ನು ಇಷ್ಟು ಗಾಳಿಗೆ ತೂರಿದ್ದಕ್ಕೆ ಯಾವ ಜಾಮುವಿನವಳೂ ಇಷ್ಟು ಖುಷಿ ಪಟ್ಟಿರಲಿಕ್ಕಿಲ್ಲ. ಪ್ರತಿ ಮನೆಯಿಂದಲೂ ನಗುತ್ತ ಹೊರಗೆ ಬರುತ್ತಿದ್ದಳು. ಲಾಸ್ತ್ರಿಯೂ ನಕ್ಕಳು.

"ನಿಮ್ಮ ಮಾತಿಗೆ ಬೆಲೇನೇ ಇಲ್ಲ ಬು."

"ಇಲ್ದೇ ಇರ್ಲಿ ಕಣೇ. ಹಾಗೇ ಇರ್ಲಿ. ನಡಿ, ಮುಂದೆ ಪಾರಿನಾ ಮನೆ."

ಪಾರಿನಾಳ ಮನೆಯ ಮುಂದೆ ಬಾಳೆ ಎಲೆಯಲ್ಲಿ ಸುತ್ತಿದ ಟೆಂಪೆ ಸಾಲಾಗಿ ಜೋಡಿಸಿಟ್ಟದ್ದು ಹಾಗೇ ಇತ್ತು. ಎರಡು ದಿನದ್ದಿರಬೇಕು, ಕಪ್ಪಾಗಿ ವಾಸನೆ ಬರುತ್ತಿತ್ತು. ಬಾಗಿಲು ಮುಂದಕ್ಕೆ ಹಾಕಿತ್ತು ಅಷ್ಟೇ. ಗಿಯಾರ್ತಿಯ ಮುಖದ ನಗು ಅಲ್ಲೇ ನಿಂತಿತು.

ಒಳಗೆ ಪಾರಿನಾ ಸೋಯಾಕಾಳಿನ ಚೀಲಗಳಿಗೆ ಒರಗಿ ನೆಲದ ಮೇಲೆ ಬಿದ್ದುಕೊಂಡಿದ್ದಳು. ಪಕ್ಕದಲ್ಲಿ ವಾಂತಿ ಮಾಡಿಕೊಂಡ ಬೋಗುಣಿ. ಕಣ್ಣು ತೆರೆದು, ಬಂದವಳು ಯಾರೆಂದು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು ಅವಳಿಗೆ.

"ಯು ಬಂದ್ರಾ" ಅಂದಳು. "ಬಿಸಾಕಿದೆ ಯು. ನೀವು ಹೇಳಿದ ಗಳಿಗೇಲೇ ಬಿಸಾಕಿದೆ. ಎಲ್ಲಾ, ಹೊಳೆಗೆ. ಆದ್ರೂ ಯಾಕೋ ವಾಸಿ ಆಗ್ತಿಲ್ಲ. ನಾನೇ ಏನಾದ್ರೂ ತಪ್ಪು ಮಾಡಿದೆನಾ?"

ಗಿಯಾರ್ತಿ ಮಂಡಿಯೂರಿ ಕೂತು ಆ ತಣ್ಣಗಿನ ಕೈ ಹಿಡಿದುಕೊಂಡಳು. ಲಾಸ್ತ್ರಿ ಆಗಲೇ ಸೆತ್ಯೊಗೆ ಫೋನು ಹಚ್ಚಿ ಗಾಡಿ ತರುವಂತೆ ಕೂಗುತ್ತಿದ್ದಳು.

"ನೀನೇನೂ ತಪ್ಪು ಮಾಡಿಲ್ಲ" ಅಂದಳು ಗಿಯಾರ್ತಿ. "ಇಡೀ ಬೀದೀಲಿ ನೀನೊಬ್ಬಳೇ ನನ್ನ ಮಾತು ಕೇಳಿದ್ದು."

ಹೇಳಿ, ಅವಳನ್ನು ಎತ್ತಿ ತನ್ನ ಬೆನ್ನಿಗೆ ಹಾಕಿಕೊಂಡು ಆರೋಗ್ಯ ಕೇಂದ್ರದ ದಾರಿ ಹಿಡಿದಳು. ಗಾಡಿ ಬರುವ ತನಕ ಕಾಯುವಷ್ಟು ತಾಳ್ಮೆ ಅವಳಲ್ಲಿ ಇರಲಿಲ್ಲ.